ಲೋಸಿಮಾ ಉಟ್ಟ ಹರಿದ ಚಾಪೆ

ಮೂವತ್ತೆರಡು ಹೆಂಗಸರು ನಾಲ್ಕು ಸಾಲಾಗಿ ಚರ್ಚಿನೊಳಗೆ ನಿಂತಿದ್ದರು. ಒಂದೇ ಥಾನಿನ ಬಿಳಿ ಬಟ್ಟೆ, ಒಂದೇ ಅಳತೆಯ ಉಬ್ಬು ತೋಳು. ಮೂವತ್ತೊಂದು ಜನರ ಮಟ್ಟಿಗೆ ಈ ಮಾತು ಸರಿ. ಮೂರನೆಯ ಸಾಲಿನ ಕೊನೆಯವಳ ತೋಳು ಮಾತ್ರ ನೇರವಾಗಿತ್ತು. ಅದರ ಅಂಚಿಗೆ ಕಡುನೀಲಿ ದಾರದ ಹೊಲಿಗೆಯಿತ್ತು.

ಹಾಡಿಸುತ್ತಿದ್ದ ಹೆನೆಲಿ ಕೈಯ ಕೋಲನ್ನು ಕೆಳಗಿಳಿಸಿದ. ಹಾಡು ಒಮ್ಮೆಲೇ ನಿಂತಿತು.

“ಏಯ್, ಕೊನೆಯವಳೇ! ನಿನ್ನ ಹೆಸರೇನು?”

“ಲೋಸಿಮಾ.”

“ಯಾಕೆ ಲೋಸಿಮಾ, ಬಟ್ಟೆ ಸಾಲಲಿಲ್ವಾ?”

ಮುಂದಿನ ಸಾಲುಗಳಲ್ಲಿ ಕಿಸಕ್ಕೆಂದು ನಗು ಹೊರಟಿತು. ಲೋಸಿಮಾ ತಲೆ ತಗ್ಗಿಸಲಿಲ್ಲ.

“ಸಾಲೋದೇನು, ಮಿಕ್ಕಿತು. ಉಬ್ಬು ತೋಳು ಹಾಕಿದ್ರೆ ಸುಟ್ಟ ದೀವಿಹಲಸಿನ ಹಾಗೆ ಕಾಣ್ತೀನಿ. ಅದಕ್ಕೇ ಹೊಲಿಯಲಿಲ್ಲ.”

“ಎಲ್ಲರೂ ಹಾಕಿದ್ದಾರಲ್ಲ!”

“ಎಲ್ಲರೂ ಹಾಕಿದ್ದಾರೆ ಅನ್ನೋದು ಲೆಕ್ಕ ಆಯ್ತು. ಕಾರಣ ಆಗಲಿಲ್ಲ.”

ಹೆನೆಲಿಯ ಕಿವಿಗಳು ಕೆಂಪಾದವು. ಅಷ್ಟರಲ್ಲಿ ಮೊದಲ ಸಾಲಿನಿಂದ ಒಬ್ಬಳು ಗಟ್ಟಿಯಾಗಿ ನಕ್ಕಳು. ಅವಳು ಅವನ ತಾಯಿ ಲಾವಿನಿಯಾ.

“ತೋಳು ಹಾಡಲ್ಲ ಕಣೋ ಮಗನೇ, ಗಂಟಲು ಹಾಡೋದು. ಬೇಗ ಮುಗಿಸು, ನನ್ನ ಕಾಲು ನೋಯ್ತಾ ಇದೆ!”

ಕೋಲು ಮತ್ತೆ ಮೇಲೆದ್ದಿತು. ಆ ಹಾಡು ಮುಗಿಯುವುದರೊಳಗೆ ಹೆನೆಲಿಯ ದೃಷ್ಟಿ ಮೂರನೆಯ ಸಾಲಿನ ಕೊನೆಗೆ ಏಳು ಬಾರಿ ಬಂದುಹೋಯಿತು.

‘ಎಂಥ ಸೊಕ್ಕು ಇವನಿಗೆ!’ ಎಂದುಕೊಂಡಳು ಲೋಸಿಮಾ. ಆದರೆ... ಸೊಕ್ಕಿನವನ ನೋಟವನ್ನು ತಾನು ಎಣಿಸಿದ್ದೇಕೆ?

ಲೋಸಿಮಾ ಹಾಪೈ ದ್ವೀಪದವಳು. ತಂದೆತಾಯಿ ಇಲ್ಲ. ನಮ್ಮ ದ್ವೀಪಗಳ ರಾಜಧಾನಿ ನುಕುಅಲೋಫಾ ಪಟ್ಟಣದ ಹೊರಗಿನ ಈ ಹಳ್ಳಿಯಲ್ಲಿ, ರಸ್ತೆಗೆ ತೆರೆದ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಮೇಲಂಗಿಗೂ ಲಂಗಕ್ಕೂ ಒಂದೇ ಬಟ್ಟೆಯಿರಬೇಕೆಂಬುದು ಊರಿನ ನಿಯಮ. ಅವಳು ಎರಡು ಬಟ್ಟೆ ಸೇರಿಸಿ ಹೊಲಿದು ಉಡುತ್ತಿದ್ದಳು. ದಪ್ಪ ಮೈಯವರಿಗೆ ಹಳದಿ ಸಲ್ಲದೆಂದರು. ಅವಳು ಹಳದಿಯನ್ನೇ ಉಟ್ಟಳು.

ಹೆನೆಲಿಯ ಸೋದರತ್ತೆ ಅನಸೇನಿಗೆ ಇದು ಕಣ್ಣುರಿ. “ಹಾಪೈಯಲ್ಲಿ ಕನ್ನಡಿ ಇಲ್ಲ ಅಂತ ಕಾಣುತ್ತೆ,” ಎಂದು ದಾರಿಹೋಕರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಲಾವಿನಿಯಾ ಮಾತ್ರ ಲೋಸಿಮಾಳನ್ನು ಮನೆಗೆ ಕರೆದು ಚಾಪೆ ಹೆಣೆಯಲು ಜೊತೆಗೆ ಕೂರಿಸಿಕೊಂಡಳು. ಆ ಊರಿನ ಚಾಪೆಗಳಲ್ಲಿ ಅರ್ಧದಷ್ಟು ಲಾವಿನಿಯಾ ಹೆಣೆದವು. ನಮ್ಮಲ್ಲಿ ಉಡುಪಿನ ಮೇಲೆ ನಡುವಿಗೆ ಚಾಪೆ ಸುತ್ತದೆ ಚರ್ಚಿಗೆ ಹೋಗುವುದೆಂದರೆ ಬೆತ್ತಲೆ ಹೋದಂತೆಯೇ ಸರಿ. ಯಾವ ದಿನಕ್ಕೆ, ಯಾವ ಸಂಬಂಧಕ್ಕೆ ಯಾವ ಚಾಪೆ ಎಂಬುದನ್ನು ಅವಳು ಬೆರಳ ತುದಿಯಲ್ಲಿ ಬಲ್ಲವಳು. ಆದರೂ ಲೋಸಿಮಾ ಹೆಣಿಗೆಯ ನಡುವೆ ನೀಲಿ ಎಳೆ ಸೇರಿಸಿದಾಗ ಬೈಯಲಿಲ್ಲ.

“ತಪ್ಪಾಯ್ತಾ ಅಮ್ಮಾ?”

“ತಪ್ಪೇ. ಆದ್ರೆ ಚೆನ್ನಾಗಿದೆ. ಬಿಚ್ಚಬೇಡ.”

ಅಮ್ಮಾ ಎಂದು ತಾನು ಕರೆದದ್ದನ್ನು ಲೋಸಿಮಾ ಮನೆಗೆ ಹೋದಮೇಲೆ ನೆನೆದಳು. ಆ ಪದ ಅವಳ ಬಾಯಿಗೆ ಬಂದು ಹದಿನಾರು ವರ್ಷಗಳಾಗಿದ್ದವು...

ಹೆನೆಲಿಯೂ ಬದಲಾದ. ಮೊದಲು ಹಂಗಿಸಲು ಅವಳ ಉಡುಪನ್ನು ನೋಡುತ್ತಿದ್ದವನು ಆಮೇಲೆ ಓದಲು ನೋಡತೊಡಗಿದ. ಅವಳ ಬಟ್ಟೆಯಲ್ಲಿ ಅರ್ಥವಿಲ್ಲದ ಹೊಲಿಗೆ ಒಂದೂ ಇಲ್ಲವೆಂದು ಕಂಡುಕೊಂಡ. ಎಂಟು ತಿಂಗಳ ನಂತರ, ಒಂದು ಸೋಮವಾರ, ಅವಳ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

“ಲೋಸಿ... ನಮ್ಮನೆಗೇ ಬಂದುಬಿಡು. ಮದುವೆಯಾಗಿ.”

ಯಂತ್ರದ ಚಕ್ರ ನಿಂತಿತು.

“ಭಾನುವಾರ ಹೇಳ್ತೀನಿ.”

“ಆರು ದಿನವಾ!”

“ಕಾಯೋಕಾಗಲ್ವಾ?”

“ಆಗುತ್ತೆ, ಆಗುತ್ತೆ!” ಎಂದು ನಕ್ಕು ಹೋದ. ಅವಳ ಉತ್ತರ ಆ ಕ್ಷಣವೇ ಸಿದ್ಧವಿತ್ತು. ಅದನ್ನು ಆರು ದಿನ ಒಬ್ಬಳೇ ಇಟ್ಟುಕೊಳ್ಳುವ ಸುಖ ಅವಳಿಗೆ ಬೇಕಿತ್ತು.

ಗುರುವಾರ ಲಾವಿನಿಯಾ ಹೆಣಿಗೆಯ ಮೇಲೆಯೇ ಕುಸಿದಳು. ಶುಕ್ರವಾರ ತೀರಿಕೊಂಡಳು.

ನಮ್ಮ ದ್ವೀಪಗಳಲ್ಲಿ ಸಾವಿನ ಮನೆಗೆ ಬಂದವರನ್ನು ಯಾರೂ ‘ನೀವು ಏನಾಗಬೇಕು’ ಎಂದು ಕೇಳುವುದಿಲ್ಲ; ಚಾಪೆ ಹೇಳುತ್ತದೆ. ಹೊರಗಿನವರಿಗೆ ಕಪ್ಪು ಬಟ್ಟೆ, ಅದರ ಮೇಲೆ ಅಚ್ಚುಕಟ್ಟಾದ ಸಣ್ಣ ಚಾಪೆ. ಸತ್ತ ಹೆಂಗಸಿನ ಅಣ್ಣತಮ್ಮಂದಿರ ಮಕ್ಕಳು ಎದೆಯಿಂದ ಮೊಣಕಾಲ ಕೆಳಗಿನವರೆಗೆ ಹರಿದ ದೊಡ್ಡ ಚಾಪೆ ಸುತ್ತಿ, ಕೂದಲು ಬಿಚ್ಚಿ ಬರುತ್ತಾರೆ.

ಶನಿವಾರ ಲೋಸಿಮಾ ಸಣ್ಣ ಚಾಪೆಯನ್ನು ಕೈಗೆತ್ತಿಕೊಂಡಳು. ‘ನನ್ನ ಅಮ್ಮ ಎರಡನೆಯ ಸಲ ಸತ್ತಿದ್ದಾಳೆ. ಅವಳಿಗೆ ಅಂಗೈಯಗಲದ ಚಾಪೆಯೇ? ದುಃಖವನ್ನು ಅಳೆಯುವವರು ಯಾರು?’ ಅದನ್ನು ಕೆಳಗಿಟ್ಟಳು. ಇದ್ದದ್ದರಲ್ಲಿ ಅತಿ ಹಳೆಯ, ಅತಿ ಹರಿದ, ಅತಿ ದೊಡ್ಡ ಚಾಪೆಯನ್ನು ಸುತ್ತಿಕೊಂಡು ನಡೆದಳು.

ಅಂಗಳದಲ್ಲಿ ಮುನ್ನೂರು ಜನ. ಮಾತು ನಿಂತಿತು.

“ನೋಡಿ, ನೋಡಿ!” ಎಂದಳು ಅನಸೇನಿ. “ಹಾಪೈಯಿಂದ ಹೆನೆಲಿಯ ಸೋದರಮಾವನ ಮಗಳು ಬಂದಿದ್ದಾಳೆ! ಲಾವಿನಿಯಾಗೆ ತಮ್ಮ ಯಾವಾಗ ಹುಟ್ಟಿದ?”

ಲೋಸಿಮಾ ಹೋಗಿ ಹೆಂಗಸರ ನಡುವೆ ಕುಳಿತಳು. ಎದುರಿಗೆ ಹೆನೆಲಿ. ಅವನು ಅವಳನ್ನು ನೋಡಿದ, ಚಾಪೆಯನ್ನು ನೋಡಿದ. ಮುಖದ ರಕ್ತ ಇಳಿದುಹೋಯಿತು. ನಿಧಾನವಾಗಿ ಎದ್ದು ಹೊರನಡೆದ.

‘ನನ್ನ ಉಡುಪಿಗೆ ನಾಚಿಕೆಪಟ್ಟ... ತಾಯಿಯ ಹೆಣದ ಮುಂದೆಯೂ ಅವನಿಗೆ ಜನರೇ ದೊಡ್ಡವರಾದರು!’

ಅವಳು ಲಾವಿನಿಯಾಳೊಂದಿಗೆ ತನ್ನ ಸಂಬಂಧವನ್ನು ಮಾತ್ರ ಬದಲಿಸಿದ್ದಳು. ಒಂದನ್ನು ಬದಲಿಸಿದರೆ ಅದಕ್ಕೆ ಹೊಂದಿದ ಎಲ್ಲವೂ ಬದಲಾಗುತ್ತದೆ. ಆ ಚಾಪೆ ಉಟ್ಟವಳು ಹೆನೆಲಿಗೆ ಸೋದರಮಾವನ ಮಗಳು; ಅಂಥವಳನ್ನು ಮದುವೆಯಾಗುವ ಪದ್ಧತಿ ನಮ್ಮಲ್ಲಿಲ್ಲ, ಅವಳು ತಂಗಿಯೇ. ಬೆಳೆದ ಅಣ್ಣತಂಗಿಯರು ಒಂದು ಸೂರಿನಡಿ ಕೂರುವುದೂ ಇಲ್ಲ. ಬೇರೆ ಯಾರಾದರೂ ಆ ಚಾಪೆ ಉಟ್ಟಿದ್ದರೆ ಹೆನೆಲಿ ಹುಚ್ಚೆಂದು ಕಡೆಗಣಿಸುತ್ತಿದ್ದ. ಉಟ್ಟವಳು ಲೋಸಿಮಾ. ಭಾನುವಾರದ ಉತ್ತರ ಶನಿವಾರವೇ ಸಿಕ್ಕಿತೆಂದು ಅವನು ತಿಳಿದ.

ಭಾನುವಾರ ಅವಳು ಕಾದಳು. ಅವನು ಬರಲಿಲ್ಲ. ಅವಳು ಅಂಗಡಿಯೊಳಗೆ ಬಂದರೆ ಅವನು ಹೊರಗೆ ಹೋದ. ಹತ್ತನೆಯ ದಿನ ಆಕ್ಲೆಂಡಿನ ವಿಮಾನ ಹತ್ತಿದ.

ನಾಲ್ಕು ವರ್ಷ ಕಳೆಯಿತು. ಲೋಸಿಮಾ ಹಳದಿ ಬಟ್ಟೆಯನ್ನು ಕತ್ತರಿಸಿ ಒರೆಸುವ ಚಿಂದಿ ಮಾಡಿದಳು. ಊರು ಉಟ್ಟದ್ದನ್ನೇ ಉಟ್ಟಳು. “ಈಗ ಮನುಷ್ಯಳ ಹಾಗೆ ಕಾಣ್ತೀಯ ಕಣೇ,” ಎಂದು ಅನಸೇನಿಯೇ ಹೊಗಳಿದಳು. ಆ ಹೊಗಳಿಕೆ ಬೈಗುಳಕ್ಕಿಂತ ಕಹಿಯಾಗಿತ್ತು.

ತಾಯಿಯ ಸಮಾಧಿಗೆ ಕಲ್ಲು ನಿಲ್ಲಿಸಲು ಹೆನೆಲಿ ಮರಳಿದ. ಒಂದು ಮಧ್ಯಾಹ್ನ ಲೋಸಿಮಾಳ ಕೋಣೆಯ ಎದುರು ರಸ್ತೆಯಲ್ಲೇ ನಿಂತ. ಕಿವಿಯ ಬಳಿ ಕೂದಲು ನರೆತಿತ್ತು.

“ಕಲ್ಲಿಗೆ ಹೊದಿಸೋಕೆ ಒಂದು ಬಟ್ಟೆ ಹೊಲಿಸಬೇಕಿತ್ತು. ಅಮ್ಮನಿಗೆ ನೀನು ಹೊಲಿದ್ರೆ ಇಷ್ಟ ಆಗ್ತಿತ್ತು. ಇಲ್ಲೇ ಇಟ್ಟು ಹೋಗ್ತೀನಿ.”

ಬಟ್ಟೆಯ ಗಂಟನ್ನು ಹೊಸ್ತಿಲ ಹೊರಗಿಟ್ಟು ತಿರುಗಿದ. ಲೋಸಿಮಾಳ ಸಹನೆ ತೀರಿತು.

“ಒಳಗೆ ಕಾಲಿಡೋಕೂ ಅಸಹ್ಯವಾ! ಒಂದು ಹರಿದ ಚಾಪೆಗೆ ನಾಚಿ ಸಮುದ್ರ ದಾಟಿದವನು ನೀನು!”

ಹೆನೆಲಿ ಗಕ್ಕನೆ ನಿಂತ. “ನಾಚಿಕೆಯಾ? ತಂಗಿ ಇರೋ ಕೋಣೆಗೆ ಅಣ್ಣ ಹೇಗೆ ಬರ್ತಾನೆ, ಲೋಸಿಮಾ?”

“ಯಾರು ತಂಗಿ?”

“ಮುನ್ನೂರು ಜನರ ಮುಂದೆ ಉಟ್ಟು ತೋರಿಸಿದೆಯಲ್ಲ! ಬೇಡ ಅನ್ನೋಕೆ ಅಷ್ಟು ದೊಡ್ಡ ಚಾಪೆ ಬೇಕಿತ್ತಾ? ಬಾಯಲ್ಲಿ ಹೇಳಿದ್ರೆ ಸಾಕಿತ್ತು.”

ನಾಲ್ಕು ವರ್ಷ ಅರ್ಥವಾಗದಿದ್ದದ್ದು ಅವಳಿಗೆ ಒಂದು ನಿಮಿಷದಲ್ಲಿ ಅರ್ಥವಾಯಿತು.

“ಅವತ್ತು ನಾನು ನಿನ್ನ ಅಮ್ಮನನ್ನ ಮಾತ್ರ ನೆನೆಸಿದ್ದೆ, ಹೆನೆಲಿ... ನಿನ್ನನ್ನ ನೆನೆಸಲೇ ಇಲ್ಲ.” “ಭಾನುವಾರ ಹೂಂ ಅನ್ನೋಕೆ ಕಾಯ್ತಾ ಇದ್ದೆ. ನೀನು ಒಂದು ಮಾತು ಕೇಳಬಾರದಿತ್ತಾ?”

“ತಂಗಿಯನ್ನ ಆ ಮಾತು ಕೇಳೋದು ಹೇಗೆ?”

ತಪ್ಪನ್ನು ಎರಡಾಗಿ ಹಂಚಿದರೂ ಯಾರ ಪಾಲೂ ಹಗುರಾಗಲಿಲ್ಲ.

‘ನಿಯಮ ಮುರಿದದ್ದು ತಪ್ಪಲ್ಲ. ಮುರಿದವಳು ಯಾಕೆಂದು ಅವನಿಗೊಬ್ಬನಿಗಾದರೂ ಹೇಳಬೇಕಿತ್ತು.’

“ಈಗ ಉಟ್ಟಿರೋದು ಯಾರ ಬಟ್ಟೆ?” ಎಂದು ಹೆನೆಲಿ ಮೆಲ್ಲನೆ ಕೇಳಿದ.

“ಊರಿಂದು. ನನ್ನದನ್ನ ನಾನೇ ಕತ್ತರಿಸಿಹಾಕಿದೆ.”

“ಮತ್ತೆ ಹೊಲಿ, ಲೋಸಿ. ಅರ್ಥ ಆಗದಿದ್ರೆ ಈ ಸಲ ಕೇಳ್ತೀನಿ.”

ಹೆನೆಲಿ ಹೊಸ್ತಿಲ ಕಡೆ ಹೆಜ್ಜೆಯಿಟ್ಟ. ಎದುರು ಮನೆಯ ಜಗುಲಿಯಿಂದ ಅನಸೇನಿ ಕೂಗಿದಳು.

“ಏಯ್ ಹೆನೆಲಿ! ಬುದ್ಧಿ ಇದೆಯಾ? ಒಳಗೆ ಅವಳೊಬ್ಬಳೇ ಇದ್ದಾಳೆ! ಊರ ಮುಂದೆ ಚಾಪೆ ಉಟ್ಟು ತಂಗಿಯಾದವಳು ಕಣೋ!”

ಸೋದರತ್ತೆಗೆ ಎದುರಾಡಿದವನು ನಮ್ಮಲ್ಲಿ ಅಪರೂಪ. ಹೆನೆಲಿ ತಲೆ ಬಾಗಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

“ಕ್ಷಮಿಸಿ ಅತ್ತೆ. ಇಲ್ಲಿ ನನಗೆ ತಂಗಿ ಯಾರೂ ಇಲ್ಲ. ನಾನು ಮದುವೆ ಕೇಳಿದ ಹುಡುಗಿ ಇದ್ದಾಳೆ.”

ಒಳಗೆ ಬಂದು ನೆಲದ ಮೇಲೆ ಕುಳಿತ. ಹೊರಗೆ ಆಗಲೇ ನಾಲ್ಕಾರು ಜನ ಸೇರಿದ್ದರು. ಲೋಸಿಮಾ ಬಾಗಿಲು ಮುಚ್ಚಲಿಲ್ಲ. ಅವನೆದುರು ಕುಳಿತು ಬಹಳ ಹೊತ್ತು ಅವನ ನರೆಗೂದಲನ್ನೇ ನೋಡಿದಳು.

“ನಾಲ್ಕು ವರ್ಷ ವಾಪಸ್ ಕೊಡ್ತೀಯಾ?”

“ಎಲ್ಲಿಂದ ತರಲಿ, ಲೋಸಿ?”

ಸುಳ್ಳು ಹೇಳಲಿಲ್ಲವಲ್ಲ, ಎಂದುಕೊಂಡಳು. ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

“ಊಟ ಆಯ್ತಾ?”

“ಬೆಳಗ್ಗೆಯಿಂದ ಏನೂ ತಿಂದಿಲ್ಲ.”

“ಗೆಣಸಿದೆ. ಆರಿಹೋಗಿದೆ.”

“ಇರಲಿ... ಕೊಡು.”