ಟಾಯ್ಲೆಟ್ ಮುಂದಿನ ಮೂವತ್ತೇಳು ಹಲಗೆಗಳು

"ಏಯ್ ಹುಡುಗಿ, ಕಾಲು ತೆಗಿ! ಅದು ನನ್ನ ಹಲಗೆ!"

ಟಿಲ್ಡಾ ಬೆಚ್ಚಿಬಿದ್ದು ಎಡಕ್ಕೆ ಹಾರಿದಳು.

"ಅದೂ ನಮ್ಮದೇ. ನನ್ನ ತಂಗೀದು. ಅವಳು ಊರಲ್ಲಿಲ್ಲ, ನಾನೇ ನೋಡ್ಕೋತಿದೀನಿ," ಎಂದರು ಮಿಸೆಸ್ ಗಿಬ್ಬನ್ಸ್. ಅವರು ಮಡಚುವ ಕುರ್ಚಿ ಹಾಕಿಕೊಂಡು ಹಲಗೆಗೆ ಕಾವಲು ಕೂತಿದ್ದರು. ಒಂದು ಕೈಯಲ್ಲಿ ಪಾಲಿಶ್ ಡಬ್ಬಿ, ಇನ್ನೊಂದರಲ್ಲಿ ಒರೆಸುವ ಬಟ್ಟೆ.

"ಮತ್ತೆ ನಾನು ಎಲ್ಲಿ ಕಾಲಿಡ್ಲಿ, ಮಿಸೆಸ್ ಗಿಬ್ಬನ್ಸ್?"

"ಅದು ನಿನ್ನ ಕಷ್ಟ ಕಣಮ್ಮ. ಬಲಗಡೇದು ಡಾಕ್ಟರದ್ದು. ಅದನ್ನ ತುಳಿ, ಪಾಪ, ಅವರೇನೂ ಅನ್ನಲ್ಲ."

ಟಿಲ್ಡಾ ಡಾಕ್ಟರ ಹಲಗೆಯ ಮೇಲೆ ತುದಿಗಾಲಲ್ಲಿ ನಡೆದಳು. ಹಿಂದೆ ಗೆಳತಿ ಎಲೆನಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಿದ್ದಳು.

ವಿನ್‌ಬಿ ಊರಿನ ಕಡಲಕಟ್ಟೆ ನೂರಿಪ್ಪತ್ತು ವರ್ಷ ಹಳೆಯದು. ಕಬ್ಬಿಣದ ಕಂಬಗಳು, ಅವುಗಳ ಮೇಲೆ ಹಾಸಿದ ಮರದ ಹಲಗೆಗಳು. ದಡದಿಂದ ಹೊರಟು ಕಾಲು ಕಿಲೋಮೀಟರ್ ದೂರ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಜಾರುಗೋಪುರ. ಒಳಗಿನ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು, ನಾರಿನ ಚಾಪೆಯ ಮೇಲೆ ಕೂರಬೇಕು, ಹೊರಗಡೆ ಮೂರು ಸುತ್ತು ಸುತ್ತಿಕೊಂಡು ಸುಂಯ್ ಅಂತ ಕೆಳಗೆ ಬರಬೇಕು.

ಏಳು ವರ್ಷದ ಹಿಂದೆ ಕಟ್ಟೆಯ ಕಂಪನಿಯವರು ಗೇಟಿಗೆ ಬೀಗ ಜಡಿದು ಹೊರಟುಹೋದರು. ಊರೆಲ್ಲ ಅತ್ತಿತು. ಹತ್ತು ವರ್ಷದಿಂದ ಅತ್ತ ತಲೆ ಹಾಕದಿದ್ದವರು ಇನ್ನೂ ಜೋರಾಗಿ ಅತ್ತರು. ಆಮೇಲೆ ಎಲ್ಲರೂ ಸೇರಿ ಸರ್ಕಾರವನ್ನು ಬೈದರು. ಬೈದರೆ ಬೀಗ ಬಿಚ್ಚುವುದಿಲ್ಲ ಎಂದು ಗೊತ್ತಾಗಲು ಐದು ವರ್ಷ ಬೇಕಾಯಿತು. ಕೊನೆಗೆ ಊರಿನವರೇ ಹಣ ಕೂಡಿಸಿ ಕಟ್ಟೆಯನ್ನು ಕೊಂಡುಕೊಂಡರು.

ಹಣ ಹಾಕಿದವರಿಗೆ ಒಂದೊಂದು ಹಲಗೆ, ಹಲಗೆಯ ಮೇಲೆ ಅವರವರ ಹೆಸರು. ಯಾರ ಹಲಗೆ ಎಲ್ಲಿ ಎಂದು ಚೀಟಿ ಎತ್ತಿದರು. ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಇದು ಎಲ್ಲರ ಕಟ್ಟೆ' ಎಂದು ಬರೆಸಿದರು. ಅವತ್ತಿನಿಂದ ಎಲ್ಲರೂ ತಮ್ಮ ತಮ್ಮ ಪಾಲನ್ನು ಹುಡುಕಿಕೊಂಡು ಹೋಗಿ ಅದರ ಮೇಲೆ ಕೂತರು.

ಟಿಲ್ಡಾ ಏನೂ ಕಮ್ಮಿಯವಳಲ್ಲ. ಚೀಟಿಯಲ್ಲಿ ಅವಳಿಗೆ ಬಂದದ್ದು ಜಾರುಗೋಪುರದ ಬುಡದ ಹಲಗೆ. ಅವಳ ತಾತ ಆಲ್ಫ್ ಮೂವತ್ತು ವರ್ಷ ಅದೇ ಜಾಗದಲ್ಲಿ ನಿಂತು ಮಕ್ಕಳಿಗೆ ಚಾಪೆ ಕೊಡುತ್ತಿದ್ದರು. ದಿನಾ ಸ್ಕೂಲ್ ಬಿಟ್ಟ ಮೇಲೆ ಅವಳು ಅಲ್ಲಿಗೆ ಹೋಗಿ, ಸ್ವೆಟರ್ ತೋಳಿನಿಂದ ತನ್ನ ಹೆಸರನ್ನು ಒರೆಸುತ್ತಿದ್ದಳು.

"ಎಲೆನಿ, ಇಳಿಯೇ! ನನ್ನ ಹಲಗೆ ಮೇಲೆ ನಿಂತಿದೀಯ!"

"ಇಳಿದು ಎಲ್ಲಿಗೆ ಹೋಗ್ಲಿ? ಸಮುದ್ರಕ್ಕಾ?" ಎಂದಳು ಎಲೆನಿ.

ಆದರೆ ಕಟ್ಟೆಗೆ ಒಂದು ದೊಡ್ಡ ತೊಂದರೆ ಇತ್ತು. ನಡುಮಧ್ಯದಲ್ಲಿ, ಸರಿಯಾಗಿ ಟಾಯ್ಲೆಟ್ ಮುಂದೆ, ಮೂವತ್ತೇಳು ಹಲಗೆಗಳಷ್ಟು ಜಾಗ ಖಾಲಿ ಬಿದ್ದಿತ್ತು. ಬಗ್ಗಿ ನೋಡಿದರೆ ಕೆಳಗೆ ಸಮುದ್ರ ಕಾಣುತ್ತಿತ್ತು. ಆಚೆಗೆ ದಾಟಲು ಪಕ್ಕದಲ್ಲಿ ಒಬ್ಬರೇ ನಡೆಯುವಷ್ಟು ಅಗಲದ ಕಬ್ಬಿಣದ ದಾರಿ, ಅಷ್ಟೆ.

ಹಲಗೆಗಳೇನೋ ಗೇಟಿನ ಹತ್ತಿರ ಸಿದ್ಧವಾಗಿದ್ದವು. ಆದರೆ ಮಾಲೀಕರು ಸಹಿ ಹಾಕದೆ ಹಲಗೆ ಕೂರಿಸುವಂತಿಲ್ಲ, ಹಾಗೆಂದು ನಿಯಮ. ಒಬ್ಬರು, "ನಮ್ಮ ಮನೆತನದ ಹೆಸರು ಟಾಯ್ಲೆಟ್ ಬಾಗಿಲಲ್ಲಿ ಬೇಡ," ಎಂದು ಕಾಗದ ಬರೆದರು. ಇನ್ನೊಬ್ಬರು, "ಹಲಗೆ ತೀರಿಹೋದ ನಮ್ಮ ಯಜಮಾನರ ಹೆಸರಲ್ಲಿದೆ, ಅವರು ಹೊರಗಡೆ ಟಾಯ್ಲೆಟ್‌ಗೆ ಹೋದವರೇ ಅಲ್ಲ," ಎಂದರು. ಮೂರನೆಯವರದ್ದು ತಕರಾರೇ ಇರಲಿಲ್ಲ. ಟಾಯ್ಲೆಟ್ ಅಲ್ಲಿಂದ ಎತ್ತಿಸಿದರೆ ಸಾಕಿತ್ತು.

ಬುಧವಾರ ಸಂಜೆ ಸ್ಕೂಲ್ ಹಾಲ್‌ನಲ್ಲಿ ಮೀಟಿಂಗ್. ಟೀ ಜೊತೆ ಯಾವ ಬಿಸ್ಕೆಟ್ ಕೊಡಬೇಕು ಎಂದು ಮೊದಲು ನಲವತ್ತು ನಿಮಿಷ ಚರ್ಚೆ ನಡೆಯಿತು. ಆಮೇಲೆ ಅಧ್ಯಕ್ಷರಾದ ಮಿಸ್ಟರ್ ಬೆಲ್‌ವುಡ್ ಎದ್ದು ನಿಂತು ಗಂಟೆ ಬಾರಿಸಿದರು. ಅವರು ರಿಟೈರ್ ಆದ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ್ ಕೆಲಸ ಹೋದರೂ ಗಂಟೆ ಉಳಿದಿತ್ತು.

"ನಾಡಿದ್ದು ಶುಕ್ರವಾರ ಮೂರು ಗಂಟೆಗೆ ಕಟ್ಟೆ ಭದ್ರವಾಗಿದೆಯಾ ಅಂತ ನೋಡೋಕೆ ಇನ್‌ಸ್ಪೆಕ್ಟರ್ ಬರ್ತಾರೆ. ಆ ತೂತು ಹಾಗೇ ಇದ್ರೆ ಅವರು ಸಹಿ ಹಾಕಲ್ಲ. ಶನಿವಾರ ಕಟ್ಟೆ ತೆರೆಯಲ್ಲ. ಈ ಬೇಸಿಗೆ ಕೈತಪ್ಪಿದ್ರೆ ರಿಪೇರಿ ಖರ್ಚಿಗೆ ಜಾರುಗೋಪುರ ಮಾರಲೇಬೇಕು. ಕೇಳೋರು ಆಗಲೇ ಕೇಳ್ತಿದಾರೆ."

ನಾಲ್ಕು ವರ್ಷ ತುಂಬದೆ ಜಾರುಗೋಪುರ ಹತ್ತಿಸುತ್ತಿರಲಿಲ್ಲ. ಟಿಲ್ಡಾಗೆ ನಾಲ್ಕು ತುಂಬುವ ಎರಡು ವಾರ ಮೊದಲೇ ಗೇಟಿಗೆ ಬೀಗ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಅವಳು ಕಾದಿದ್ದಾಳೆ.

"ತೂತು ಮುಚ್ಚಬೇಕು ಅನ್ನೋರು ಕೈ ಎತ್ತಿ."

ಹಾಲ್‌ನಲ್ಲಿದ್ದ ಅಷ್ಟೂ ಕೈಗಳು ಮೇಲೆದ್ದವು. ಕೆಲವರು ಎರಡೂ ಕೈ ಎತ್ತಿದರು.

"ಸಂತೋಷ. ಈಗ ಆ ಜಾಗ ಒಪ್ಪಿಕೊಳ್ಳೋರು ಯಾರು?"

ಎತ್ತಿದ ಕೈಗಳು ಸರಸರ ಇಳಿದವು. ಎಲ್ಲರ ಬಾಯಿಗೂ ಬಿಸ್ಕೆಟ್ ಸಿಕ್ಕಿಕೊಂಡಿತ್ತು. ಬೆಕ್ಕಿಗೆ ಗಂಟೆ ಕಟ್ಟಬೇಕು ಸರಿ, ಕಟ್ಟುವವರು ಮಾತ್ರ ಪಕ್ಕದ ಮನೆಯವರಾಗಿರಬೇಕು.

ಟಿಲ್ಡಾ ಎದ್ದು ನಿಂತಳು. "ಸರ್, ಹೆಸರಿಲ್ಲದ ಹಲಗೆ ಹಾಕಿದ್ರೆ ಆಗಲ್ವಾ?"

"ಆಗಲ್ಲ ಮಗೂ. ಹೆಸರಿಲ್ಲ ಅಂದ್ರೆ ಅದು ಯಾರದ್ದೂ ಅಲ್ಲ. ಕಟ್ಟೆ ಎಲ್ಲರದ್ದು. ಯಾರದ್ದೂ ಅಲ್ಲದ್ದು ಎಲ್ಲರದ್ದು ಹೇಗಾಗುತ್ತೆ?"

ಯಾರಿಗೂ ಅರ್ಥವಾಗಲಿಲ್ಲ. ಆದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಮ್ಮ ಹಲಗೆ ಎಲ್ಲಿದೆ, ಬೆಲ್‌ವುಡ್?" ಎಂದು ಹಿಂದಿನ ಸಾಲಿನಿಂದ ತಾತ ಕೂಗಿದರು.

"ನಂದಾ? ಅದು... ಅದೂ ಗೇಟಿನ ಹತ್ರಾನೇ ಇದೆ. ಕಾಗದಪತ್ರ ನೋಡ್ತಾ ಇದೀನಿ," ಎಂದು ಮಿಸ್ಟರ್ ಬೆಲ್‌ವುಡ್ ಬೇಗಬೇಗ ಗಂಟೆ ಬಾರಿಸಿಬಿಟ್ಟರು. ಎಲ್ಲರೂ ಮತ್ತೆ ಟೀಗೆ ಎದ್ದರು.

ಟಿಲ್ಡಾ ಮಾತ್ರ ಏಳಲಿಲ್ಲ. ಅವಳಿಗೂ ಒಂದು ಹಲಗೆ ಇತ್ತಲ್ಲ! ಕೈ ಎತ್ತಬಹುದಿತ್ತು. ಆದರೆ ಅದು ತಾತನ ಜಾಗ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು.

ಮನೆಗೆ ಬಂದದ್ದೇ ತಾತ ಹಿತ್ತಲಿನ ಹಗ್ಗಕ್ಕೆ ಹಳೆಯ ಚಾಪೆಗಳನ್ನು ನೇತುಹಾಕಿ ಕೋಲಿನಿಂದ ಬಡಿಯತೊಡಗಿದರು. ಏಳು ವರ್ಷ ಅವನ್ನು ಶೆಡ್‌ನಲ್ಲಿ ಜೋಪಾನ ಮಾಡಿದ್ದರು.

"ತಾತ, ನೀನು ನಿಲ್ತಿದ್ದದ್ದು ಸರಿಯಾಗಿ ನನ್ನ ಹಲಗೆ ಮೇಲೇನಾ?"

"ಇರ್ಬೇಕು. ಯಾರು ಕೆಳಗೆ ನೋಡಿದ್ರು? ಮೇಲಿಂದ ಮಕ್ಕಳು ಗುಂಡಿನ ಹಾಗೆ ಬಂದು ಬೀಳೋವು. ಒಂದೇ ಒಂದು ಸಲ ಕೆಳಗೆ ನೋಡಿದ್ದೆ." ತಾತ ಬಾಯಿ ತೆರೆದು ಮುಂದಿನ ಹಲ್ಲಿಲ್ಲದ ಜಾಗ ತೋರಿಸಿದರು. "ಅವತ್ತೇ ಇದು ಹೋಗಿದ್ದು."

"ಆ ಹಲಗೇನ ನಾನು ಬೇರೆ ಕಡೆ ಹಾಕಿಸಿದ್ರೆ ನಿನಗೆ ಬೇಜಾರಾಗುತ್ತಾ?"

ತಾತ ಕೋಲು ನಿಲ್ಲಿಸಿದರು. "ಆಗುತ್ತೆ," ಎಂದರು.

"ಜಾರುಗೋಪುರ ಮಾರಿಬಿಟ್ರೆ?"

ತಾತ ಕೋಲು ಮತ್ತೆ ಎತ್ತಿದರು. ಚಾಪೆಗೆ ಎಂಥ ಏಟು ಬಿತ್ತೆಂದರೆ, ಇಬ್ಬರೂ ಧೂಳಿನಲ್ಲಿ ಕಾಣದೆ ಹೋದರು. ಟಿಲ್ಡಾ ಕೆಮ್ಮುತ್ತ ಒಳಗೆ ಬಂದಳು. ಉತ್ತರ ಸಿಕ್ಕಿತ್ತು. ಆ ಉತ್ತರ ಅವಳಿಗೆ ಒಂಚೂರೂ ಇಷ್ಟವಾಗಲಿಲ್ಲ.

ಗುರುವಾರ ಸ್ಕೂಲ್ ಬಿಟ್ಟ ಕೂಡಲೇ ಅವಳು ಎಲೆನಿಯನ್ನು ಎಳೆದುಕೊಂಡು ಕಟ್ಟೆಗೆ ಓಡಿದಳು. ಹಲಗೆ ಕೂರಿಸುವ ಬಡಗಿ ಗ್ವೆನ್ ಜಾರುಗೋಪುರದ ಹತ್ತಿರ ಕೆಲಸದಲ್ಲಿದ್ದಳು.

"ಬಿಚ್ಚೋದಾ?" ಗ್ವೆನ್ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದಳು. "ಮೂರು ತಿಂಗಳಿಂದ ಎಲ್ಲರೂ ಒಳ್ಳೇ ಜಾಗ ಕೊಡು ಅಂತ ನನ್ನ ಜೀವ ತಿಂದಿದಾರೆ. ಟಾಯ್ಲೆಟ್ ಮುಂದೆ ಹಾಕು ಅಂತ ಕೇಳಿದೋಳು ನೀನೊಬ್ಬಳೇ ಕಣೇ. ಯೋಚನೆ ಮಾಡಿದೀಯ ತಾನೆ?"

"ಮಾಡಿದೀನಿ. ಯಾರಾದ್ರೂ ಒಬ್ಬರು ಶುರು ಮಾಡ್ಬೇಕಲ್ಲ. ಬೇಗ ಬಿಚ್ಚು. ಇಲ್ಲಾಂದ್ರೆ ಇನ್ನೊಂದು ಸಲ ಯೋಚನೆ ಬರುತ್ತೆ."

ಒಂದೊಂದೇ ಸ್ಕ್ರೂ ಕಿರ್‌ಕಿರ್ ಎಂದು ಮೇಲೆ ಬಂತು. ಟಿಲ್ಡಾ ಆ ಕಡೆ ನೋಡಲಿಲ್ಲ. ಗ್ವೆನ್ ಹಲಗೆಯನ್ನು ಹೆಗಲ ಮೇಲೆ ಹೊತ್ತು ಕಬ್ಬಿಣದ ದಾರಿ ದಾಟಿಸಿದಳು. ಟಾಯ್ಲೆಟ್ ಹತ್ತಿರ ಅದನ್ನು ಟಿಲ್ಡಾಳ ಕೈಗೆ ಕೊಟ್ಟಳು.

"ಇಲ್ಲೇ ನಿಂತಿರು. ನನ್ನ ಟೀ ಹೊತ್ತಾಯ್ತು. ಟೀ ಕುಡೀದೆ ನಾನು ಮೊಳೆ ಮುಟ್ಟಲ್ಲ."

ಟಿಲ್ಡಾ ತನ್ನಷ್ಟೇ ಎತ್ತರದ ಹಲಗೆಯನ್ನು ಹಿಡಿದು ನಿಂತಳು. ಅವಳ ಹಿಂದೆ ಎಲೆನಿ ಅಪ್ಪನ ಅಂಗಡಿಯ ಚಿಪ್ಸ್ ತಿನ್ನುತ್ತ ನಿಂತಳು. ವಿನ್‌ಬಿಯಲ್ಲಿ ಇಬ್ಬರು ಪಕ್ಕಪಕ್ಕ ನಿಂತರೆ ಅದು ಹರಟೆ. ಒಬ್ಬರ ಹಿಂದೆ ಒಬ್ಬರು ನಿಂತರೆ ಅದು ಕ್ಯೂ.

ನಾಯಿ ಹಿಡಿದುಕೊಂಡು ವಾಕಿಂಗ್ ಬಂದಿದ್ದ ಮುದುಕರೊಬ್ಬರು ನಿಂತರು. "ಏನಕ್ಕಮ್ಮ ಕ್ಯೂ?"

"ಹಲಗೆ ಹಾಕಿಸ್ಕೊಳ್ಳೋಕೆ," ಎಂದಳು ಎಲೆನಿ ಚಿಪ್ಸ್ ತುಂಬಿದ ಬಾಯಲ್ಲಿ.

"ಇವತ್ತು ಹಾಕ್ತಿದಾರಾ? ನನಗೆ ಯಾರೂ ಹೇಳ್ಲೇ ಇಲ್ಲ!" ಮುದುಕರು ಗೇಟಿನ ಹತ್ತಿರ ಓಡಿ, ತಮ್ಮ ಹಲಗೆ ಹುಡುಕಿ ತಂದು ಎಲೆನಿಯ ಹಿಂದೆ ನಿಂತರು. ಅವರನ್ನು ನೋಡಿ ಒಬ್ಬ ಹೆಂಗಸು ನಿಂತಳು. ಅವಳನ್ನು ನೋಡಿ ಮತ್ತಿಬ್ಬರು. "ಕಟ್ಟೆ ಮೇಲೆ ಕ್ಯೂ ಇದೆಯಂತೆ," ಎಂದು ಫೋನುಗಳು ಓಡಾಡಿದವು. ಅರ್ಧ ಗಂಟೆಯಲ್ಲಿ ಸಾಲು ಗೇಟು ಮುಟ್ಟಿತು. ಮಿಸೆಸ್ ಗಿಬ್ಬನ್ಸ್ ಕುರ್ಚಿ ಸಮೇತ ಬಂದು ಸೇರಿಕೊಂಡರು. "ನಂದೇನೋ ಹಾಕಿ ಆಗಿದೆ. ಆದ್ರೂ ಇಷ್ಟು ಜನ ನಿಂತಿದಾರೆ ಅಂದ್ಮೇಲೆ ಏನೋ ಇರುತ್ತೆ."

ಗ್ವೆನ್ ಟೀ ಕುಡಿದು ಬಂದವಳು ಬೆರಗಾಗಿ ನಿಂತಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಬಂದಿದ್ದು ಸಂತೋಷ! ಇದು ಟಾಯ್ಲೆಟ್ ಮುಂದಿನ ಜಾಗ ಅಂತ ಎಲ್ಲರಿಗೂ ಗೊತ್ತು ತಾನೆ?"

ನಾಯಿಯ ಮುದುಕರು ಮುಖ ಹುಳ್ಳಗೆ ಮಾಡಿಕೊಂಡು ಮೆಲ್ಲಗೆ ಒಂದು ಕಾಲು ಸಾಲಿನಿಂದ ಹೊರಗಿಟ್ಟರು. ಹಿಂದಿದ್ದ ಹೆಂಗಸು ತಕ್ಷಣ ಅರ್ಧ ಹೆಜ್ಜೆ ಮುಂದೆ ಬಂದಳು. ಮುದುಕರು ಅದನ್ನು ಕಂಡದ್ದೇ ತಡ, ಕಾಲನ್ನು ಒಳಗೆಳೆದುಕೊಂಡರು.

"ಏನಮ್ಮ ಇದು! ನಿನಗಿಂತ ಮೊದಲು ಬಂದೋನು ನಾನು!"

"ನೀವು ಹೊರಟ್ರಲ್ಲ!"

"ಯಾರು ಹೊರಟಿದ್ದು? ನಾನು ಕಾಲು ನೀಡ್ಕೊಂಡೆ ಅಷ್ಟೆ. ಗ್ವೆನ್, ನನಗೆ ಬಾಗಿಲಿಗೆ ಹತ್ತಿರದ್ದೇ ಬೇಕು!"

"ಬಾಗಿಲ ಪಕ್ಕದ್ದು ಈ ಹುಡುಗೀದು. ಅವಳು ಮೊದಲು ಬಂದೋಳು," ಎಂದಳು ಗ್ವೆನ್.

"ಹಾಗಾದ್ರೆ ಅದರ ಪಕ್ಕದ್ದು ನಂದು!"

ಆಮೇಲೆ ಕೇಳಬೇಕೆ? ನಿನ್ನೆಯವರೆಗೆ ಮನೆತನದ ಹೆಸರು ಹೇಳಿದವರು ಇವತ್ತು ಸಹಿ ಹಾಕಲು ಪೆನ್ನಿಗೆ ಕಿತ್ತಾಡಿದರು. ಯಜಮಾನರನ್ನು ಕಳೆದುಕೊಂಡ ಆ ಅಮ್ಮನವರೂ ಸಾಲು ಬಿಡಲಿಲ್ಲ. ಅಷ್ಟರಲ್ಲಿ ಮಿಸ್ಟರ್ ಬೆಲ್‌ವುಡ್ ಬಂದರು. ಕಂಕುಳಲ್ಲಿ ಪೇಪರ್ ಸುತ್ತಿದ ಹಲಗೆ ಇತ್ತು. ನೇರ ಮುಂದಕ್ಕೆ ನಡೆದು, "ಸ್ವಲ್ಪ ಜಾಗ ಬಿಡಿ, ನಾನು ಅಧ್ಯಕ್ಷ," ಎಂದರು.

"ಅಧ್ಯಕ್ಷರು ಹಿಂದಕ್ಕೆ ಹೋಗಿ!" ಎಂದು ಇಡೀ ಸಾಲು ಒಂದೇ ದನಿಯಲ್ಲಿ ಕೂಗಿತು. ಕಟ್ಟೆ ಕೊಂಡಾಗಿನಿಂದ ಊರವರು ಬಿಸ್ಕೆಟ್ ಇಲ್ಲದೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಮಿಸ್ಟರ್ ಬೆಲ್‌ವುಡ್ ಇಂಗು ತಿಂದ ಮಂಗನಂತೆ ಹೋಗಿ ಕೊನೆಯಲ್ಲಿ ನಿಂತರು.

ಅವರ ಸರದಿ ಬರುವಷ್ಟರಲ್ಲಿ ಮೂವತ್ತೇಳೂ ಜಾಗ ಭರ್ತಿಯಾಗಿತ್ತು.

"ಇನ್ನು ಇರೋದು ಒಂದೇ ಜಾಗ," ಎಂದಳು ಗ್ವೆನ್. ಟಿಲ್ಡಾ ಕಡೆ ನೋಡದೆ ಹೇಳಿದಳು. "ಜಾರುಗೋಪುರದ ಬುಡ."

ಮಿಸ್ಟರ್ ಬೆಲ್‌ವುಡ್ ಮುಖ ಅರಳಿತು. ಅವರು ಗಂಟಲು ಸರಿಮಾಡಿಕೊಂಡರು. "ಏನು ಮಾಡೋದು. ಊರಿಗೋಸ್ಕರ ಅದನ್ನೂ ಒಪ್ಕೋತೀನಿ."

ಟಿಲ್ಡಾಗೆ ಹೊಟ್ಟೆ ಉರಿದುಹೋಯಿತು. ಅಳುವೂ ಬಂತು. ಎಲೆನಿ ಉಳಿದಿದ್ದ ಚಿಪ್ಸ್ ಪೂರ್ತಿ ಅವಳಿಗೆ ಕೊಟ್ಟುಬಿಟ್ಟಳು.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದರು. ತುಂಬಾ ದೂರದಿಂದ ಕಾರಿನಲ್ಲಿ ಬಂದಿದ್ದರು. ಯಾರ ನಮಸ್ಕಾರಕ್ಕೂ ನಿಲ್ಲದೆ ಕಟ್ಟೆಯ ಮೇಲೆ ದಾಪುಗಾಲು ಹಾಕಿ, ಮೂವತ್ತೇಳು ಹಲಗೆಗಳನ್ನೂ ದಾಟಿ ನೇರ ಟಾಯ್ಲೆಟ್‌ಗೆ ಹೋದರು. ಹೊರಗೆ ಬಂದ ಮೇಲೆ ಎಲ್ಲವನ್ನೂ ನಿಧಾನವಾಗಿ ಪರೀಕ್ಷಿಸಿ ಸಹಿ ಹಾಕಿದರು.

ಶನಿವಾರ ಮಿಸ್ಟರ್ ಬೆಲ್‌ವುಡ್ ತ್ಯಾಗದ ಬಗ್ಗೆ ಐವತ್ತು ನಿಮಿಷ ಭಾಷಣ ಮಾಡಿದರು. ಅದು ಮುಗಿಯುವುದಕ್ಕೆ ಮೊದಲೇ ಮಕ್ಕಳೆಲ್ಲ ತುದಿಗೆ ಓಡಿಯಾಗಿತ್ತು. ಬೆಲ್‌ವುಡ್ ಅವರ ಹಲಗೆಯ ಮೇಲೆ ತಾತ ಬೂಟುಗಾಲಲ್ಲಿ ಗಟ್ಟಿಯಾಗಿ ನಿಂತು ಚಾಪೆ ಹಂಚುತ್ತಿದ್ದರು.

ಟಿಲ್ಡಾ ಮೇಲೆ ಹತ್ತಿದಳು. ಅಲ್ಲಿಂದ ನೋಡಿದರೆ ಸುತ್ತಲೂ ಬರೀ ಸಮುದ್ರ. ಕೂತಳು, ಕಣ್ಣು ಮುಚ್ಚಿದಳು, ಕೈ ಬಿಟ್ಟಳು. ಮೂರು ಸುತ್ತೂ ಕಿರುಚಿದಳು. ಕೆಳಗೆ ಬಂದು ಬಿದ್ದವಳನ್ನು ತಾತ ಎತ್ತಿ ನಿಲ್ಲಿಸಿದಾಗ ಅವರ ಕಣ್ಣು ತುಂಬಿತ್ತು. "ಗಾಳಿ," ಎಂದರು. ಗಾಳಿ ಇರಲಿಲ್ಲ. ಟಿಲ್ಡಾ ಮತ್ತೆ ಹತ್ತಿದಳು. ಹೀಗೆ ಐದು ಸಲ ಜಾರಿದ ಮೇಲೆ ಅವಳಿಗೆ ಅರ್ಜೆಂಟಾಯಿತು.

ಟಾಯ್ಲೆಟ್ ಮುಂದೆ ಉದ್ದ ಸಾಲು. ಅವಳ ಹಿಂದೆ ಬೇರೆ ಊರಿನ ಹೆಂಗಸೊಬ್ಬಳು ಪುಟ್ಟ ಮಗನನ್ನು ಎತ್ತಿಕೊಂಡು ನಿಂತಿದ್ದಳು.

"ಈ ಕಟ್ಟೆ ನಿಮ್ಮ ಊರಿನೋರದ್ದೇ ಅಂತೆ? ಒಬ್ಬೊಬ್ಬರಿಗೂ ಒಂದೊಂದು ಹಲಗೆ ಇದೆಯಂತೆ?" ಎಂದು ಅವಳು ಕೇಳಿದಳು. "ನಿಂದು ಯಾವುದಮ್ಮ?"

ಟಿಲ್ಡಾ ಕೆಳಗೆ, ಬಾಗಿಲ ಪಕ್ಕಕ್ಕೆ ನೋಡಿದಳು. ಬೂಟುಗಳು, ಒದ್ದೆ ಚಪ್ಪಲಿಗಳು, ಗಾಲಿಕುರ್ಚಿಯ ಒಂದು ಚಕ್ರ, ಮರಳು ಮೆತ್ತಿದ ಪುಟ್ಟ ಬರಿಗಾಲು. ಆ ಕಾಲಿನ ಪಕ್ಕದಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಇಣುಕುತ್ತಿತ್ತು. ಉಳಿದ ಅಕ್ಷರಗಳ ಮೇಲೆ ಯಾರೋ ನಿಂತಿದ್ದರು. ಸ್ವಲ್ಪ ಸರಿಯಿರಿ ಎಂದು ಅವರಿಗೆ ಹೇಳಬಹುದಿತ್ತು.

ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು.

"ಇಲ್ಲೇ ಎಲ್ಲೋ ಇದೆ," ಎಂದು ಟಿಲ್ಡಾ ಎಲ್ಲರ ಜೊತೆ ಹೆಜ್ಜೆ ಹಾಕಿದಳು.