ಮಥುರಾ ಬಿಗಿದ ಹನ್ನೆರಡು ನಟ್ಟುಗಳು

"ಎಂಜಿನ್ ಬಂದ್ ಮಾಡ್ರಿ... ಕೆಳಗ ಬೆಂಕಿ ಹತ್ತೇದ!"

ಅಂದು ಗುಡಗೇರಿಯ ಸಂತೆ. ಸ್ಟೇಶನ್ ರಸ್ತೆಯ ತುಂಬ ಚಕ್ಕಡಿಗಳು, ಮೆಣಸಿನಕಾಯಿ ಚೀಲಗಳು. ಅವುಗಳ ನಡುವೆ ಸಿಕ್ಕಿಕೊಂಡಿದ್ದ ಕೆಂಪು ಕಾರಿನ ಬಾನೆಟ್ಟಿನ ಕೆಳಗೆ ಹಳದಿ ಉರಿ ಕಾಣುತ್ತಿತ್ತು. ಒಳಗೆ ಕುಳಿತವನಿಗೆ ಅದಿನ್ನೂ ಗೊತ್ತಾಗಿರಲಿಲ್ಲ.

ಕೂಗಿದವಳು ಮಥುರಾ. ರಸ್ತೆಯ ಬಾಜೂ ಇದ್ದ ತಗಡಿನ ಶೆಡ್ಡಿನಿಂದ ಒದ್ದೆ ಗೋಣಿಚೀಲ ಹಿಡಿದು ಓಡಿಬಂದಳು. ಬಾನೆಟ್ ಎತ್ತಿ ಚೀಲವನ್ನು ಉರಿಯ ಮೇಲೆ ಒತ್ತಿದಳು. ಅದು ಸಾಲದಾದಾಗ ರಸ್ತೆಯ ಮಣ್ಣನ್ನೇ ಬುಟ್ಟಿಯಲ್ಲಿ ತುಂಬಿ ಸುರಿದಳು.

ಉರಿ ಆರಿತು. ಕಾರಿನಿಂದ ಇಳಿದು, ಕಾದ ಬಾನೆಟ್ಟಿನ ಅಂಚನ್ನು ಹಿಡಿದು ನಿಂತವನ ಮುಖ ಬಿಳುಚಿಕೊಂಡಿತ್ತು.

"ಮಣ್ಣು ಹಾಕಿಬಿಟ್ರಲ್ಲಾ... ಕಾರ್ಬ್ಯುರೇಟರಿನಾಗ ಮಣ್ಣು ಹೋದ್ರ ಮುಗೀತು."

"ಮಣ್ಣು ತೆಗೀಲಿಕ್ಕೆ ಬರತದ್ರಿ. ಬೂದಿ ಆಗಿದ್ರ ಏನ ತೆಗೀತಿದ್ರಿ?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಸೊಂಟಕ್ಕೆ ಬಿಗಿದ ಸೆರಗು, ಹಣೆಯ ಮೇಲೆ ಎತ್ತಿಟ್ಟ ಕಪ್ಪು ವೆಲ್ಡಿಂಗ್ ಕನ್ನಡಕ, ಮೊಣಕೈವರೆಗೂ ಮಸಿ.

'ಎಷ್ಟು ಸೊಕ್ಕು ಈ ಮನುಷ್ಯಗ... ಉಪಕಾರ ಮಾಡಿದ್ದೂ ಗೊತ್ತಾಗೂದಿಲ್ಲ' ಎಂದುಕೊಂಡಳು ಮಥುರಾ. ಆಗಲೇ ಅವನ ಅಂಗೈ ಕಣ್ಣಿಗೆ ಬಿತ್ತು. ಬೊಬ್ಬೆ ಎದ್ದಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಮೊದಲ ಕೈ ನೀರಾಗ ಇಡ್ರಿ" ಎಂದಳು, ದನಿ ತುಸು ಇಳಿಸಿ.

---

ಅವನ ಹೆಸರು ಪ್ರಭಂಜನ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಾರು ಅವನದಲ್ಲ. ಸವಣೂರಿನಲ್ಲಿ ಡಾಕ್ಟರಾಗಿದ್ದ ಸೋದರಮಾವ ಬಾಳಕೃಷ್ಣ ಇಂಗ್ಲಂಡಿನಿಂದ ಹಡಗಿನಲ್ಲಿ ತಂದದ್ದು. ಎರಡೇ ಸೀಟು, ಆರು ಸಿಲಿಂಡರು. ಹತ್ತು ವರ್ಷ ಹಳೆಯದಾದರೂ ಅಂಥ ಕಾರು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಅದು ೧೯೭೪ರ ಫೆಬ್ರವರಿ. ಇನ್ನು ಹನ್ನೊಂದು ದಿನಕ್ಕೆ ದುಮ್ಮವಾಡದ ಏರುರಸ್ತೆಯಲ್ಲಿ ಮೋಟಾರು ಕ್ಲಬ್ಬಿನವರ ಸ್ಪರ್ಧೆ. ಮೊದಲ ಮೂರು ಸ್ಥಾನದಲ್ಲಿ ಬಂದವರನ್ನು ಪುಣೆಯ ಒಂದು ಕಾರ್ಖಾನೆ ಹೊಸ ಗಾಡಿಗಳನ್ನು ಓಡಿಸಿ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಳ್ಳುವುದಿತ್ತು. ಚಿಕ್ಕಂದಿನಿಂದ ಪ್ರಭಂಜನ ಕಂಡ ಕನಸು ಅದೊಂದೇ.

"ಸವಣೂರಿಂದ ಹುಬ್ಬಳ್ಳಿಗೆ ಹೊಂಟಿದ್ದೆ" ಎಂದು ಅವನು ಡಿಕ್ಕಿಯಿಂದ ಗೋಣಿತಟ್ಟಿನ ಗಂಟು ತೆಗೆದ. "ಇದನ್ನ ಕೂಡಸಲಿಕ್ಕೆ."

ಗಂಟಿನೊಳಗೆ ಆರು ಉಕ್ಕಿನ ಕೊಳವೆಗಳು. ಒಂದು ಕಡೆ ಆರೂ ಬೇರೆ ಬೇರೆಯಾಗಿದ್ದವು, ಇನ್ನೊಂದು ಕಡೆ ಬಾಗಿ ಬಂದು ಒಂದೇ ಬಾಯಿಯಲ್ಲಿ ಕೂಡುತ್ತಿದ್ದವು.

"ಇದಕ್ಕ ಹೆಡರ್ ಅಂತಾರ. ಕಾರಿನ ಜೋಡಿ ಬಂದದ್ದಲ್ಲ, ಮುಂಬೈದಾಗ ಬ್ಯಾರೆ ಕೊಂಡದ್ದು. ಎಂಜಿನ್ನಿನ ಹೊಗಿ ಹೊರಗ ಹೋಗೋ ಬೀಡುಕಬ್ಬಿಣದ ಡಬ್ಬಿ ಇರತದಲ್ಲಾ, ಅದನ್ನ ತಗದು ಇದನ್ನ ಹಾಕಬೇಕು."

ಮಥುರಾ ಬಗ್ಗಿ ನೋಡಿದಳು. "ನಿಮ್ಮ ಆ ಡಬ್ಬಿನ ಸೀಳ್ಯದ್ರಿ. ಅದರಾಗಿಂದ ಉರಿ ಬಂದು ಎಣ್ಣಿಗೆ ಹತ್ತೇದ. ಹುಬ್ಬಳ್ಳಿತನಕಾ ಈ ಗಾಡಿ ಹೋಗೂದಿಲ್ಲ."

"ಹಂಗಾರ ಇಲ್ಲೆ ಮಿಸ್ತ್ರಿ ಯಾರಿದ್ದಾರ?"

"ನಾನ."

ಅವನು ಶೆಡ್ಡಿನ ಕಡೆ ನೋಡಿದ. ಒಳಗೆ ಕುರ್ಚಿಯ ಮೇಲೆ ಮುದುಕರೊಬ್ಬರು ಕುಳಿತಿದ್ದರು. ಮಥುರೆಯ ತಂದೆ ಕೃಷ್ಣಾಜಿ, ಮೂವತ್ತು ವರ್ಷ ಹುಬ್ಬಳ್ಳಿಯ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಈಗ ಎರಡೂ ಕೈ ನಡುಗುತ್ತಿದ್ದವು. ಚಹಾದ ಬಸಿಯನ್ನೂ ಮಗಳೇ ಹಿಡಿಯಬೇಕು. ನಾಲ್ಕು ವರ್ಷದಿಂದ ಸುತ್ತಲಿನ ನೀರೆತ್ತುವ ಎಂಜಿನ್ನು, ಟ್ರ್ಯಾಕ್ಟರು ಎಲ್ಲದರ ರಿಪೇರಿ ಅವಳದೇ.

"ಸಂಶಯ ಇದ್ರ ಎತ್ತು ಹೂಡಿ ಎಳಕೊಂಡು ಹೋಗ್ರಿ" ಎಂದಳು ಮಥುರಾ. "ಇಲ್ಲಾ, ನನಗ ಹತ್ತ ದಿನಾ ಕೊಡ್ರಿ."

ಅವಳ ಕಣ್ಣಲ್ಲಿ ಬೇಡಿಕೆ ಇರಲಿಲ್ಲ. ಆದೀತು ಎಂಬ ನಿಶ್ಚಯವಿತ್ತು. ಪ್ರಭಂಜನ ಕಾರಿನ ಚಾವಿಯನ್ನು ಅವಳ ಕೈಗೆ ಕೊಟ್ಟ.

---

ಕೆಲಸ ಅಂದುಕೊಂಡದ್ದಕ್ಕಿಂತ ಕಠಿಣವಾಗಿತ್ತು.

ಹಳೆಯ ಡಬ್ಬಿ ಬಿಚ್ಚುವಾಗ ಒಂದು ಬೋಲ್ಟು ಎಂಜಿನ್ನಿನೊಳಗೇ ಮುರಿದು ಉಳಿಯಿತು. ಉಳಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿ, ಅದು ಕೆಂಪಗಿದ್ದಾಗಲೇ ನಟ್ಟು ತಿರುಗಿಸುವ ಪಾನಾ ಹಾಕಿ, ಕೂದಲೆಳೆಯಷ್ಟೇ ಹಿಂದೆ ಮುಂದೆ ತಿರುಗಿಸುತ್ತ ಅರ್ಧ ದಿನ ಕಳೆದಳು. ಕೊನೆಗೆ ಅದು ಹೊರಬಂತು. 

ಪ್ರಭಂಜನ ಶಾಲೆಗೆ ರಜೆ ಹಾಕಿ, ದಿನವೂ ಬೆಳಿಗ್ಗೆ ಬರುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಹೊರಟುಹೋಗುತ್ತಿದ್ದ.

ಮೂರನೆಯ ದಿನ ಹೆಡರನ್ನು ಇಟ್ಟು ನೋಡಿದರೆ ಕೂರಲೇ ಇಲ್ಲ. ಅದು ಎಡಗಡೆ ಸ್ಟಿಯರಿಂಗ್ ಇರುವ ದೇಶದ ಕಾರಿಗೆ ಮಾಡಿದ್ದು. ಇಲ್ಲಿ ಎರಡು ಕೊಳವೆಗಳು ಸ್ಟಿಯರಿಂಗ್ ಸಲಾಕೆಗೆ ಬಡಿಯುತ್ತಿದ್ದವು.

ಪ್ರಭಂಜನನ ಮುಖ ಇಳಿಯಿತು. "ಮುಗೀತು ಬಿಡ್ರಿ... ಇನ್ನ ಆಗೂದಿಲ್ಲ."

"ಮಾಸ್ತರ್ರ, ಹುಡುಗೂರು ಲೆಕ್ಕ ತಪ್ಪಿದ್ರ ಪಾಟಿ ಒಡೀತೀರೇನು?" ಮಥುರಾ ಕೊಳವೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದಳು. "ಈ ಎರಡನ್ನ ಕಡದು, ಬ್ಯಾರೆ ದಾರಿಲೆ ತರೂಣು. ಆದ್ರ ಒಂದ ಹೇಳ್ರಿ. ಆರು ಕೊಳವಿ ಯಾಕ? ಒಂದ ದಪ್ಪಂದು ಇದ್ರ ನಡೆಯೂದಿಲ್ಲೇನು?"

ಅವನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದ. ಆರು ಸಿಲಿಂಡರುಗಳು ಒಂದರ ನಂತರ ಒಂದು ಹೊಗೆ ಬಿಡುತ್ತವೆ. ಒಂದೇ ಡಬ್ಬಿಯಾದರೆ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಒಂದೇ ಅಳತೆಯ ಬೇರೆ ಬೇರೆ ಕೊಳವೆಗಳಾದರೆ, ಮುಂದೆ ಹೋದ ಹೊಗೆಯೇ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಎಂಜಿನ್ನು ಹಗುರಾಗುತ್ತದೆ.

ಮಥುರಾ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಇಷ್ಟು ವರ್ಷ ಯಾರೂ ಅವಳಿಗೆ ಹೀಗೆ ಕುಳಿತು ಬಿಡಿಸಿ ಹೇಳಿರಲಿಲ್ಲ. 'ಇವರು ನನಗ ತಿಳೀತದ ಅಂತ ತಿಳಕೊಂಡು ಹೇಳಲಿಕ್ಕತ್ತಾರ...' ಎದೆಯೊಳಗೆ ಏನೋ ಬೆಚ್ಚಗಾಯಿತು.

ಕೊಳವೆಯಲ್ಲಿ ಒಣ ಉಸುಕು ಗಿಡಿದು ತುಂಬಿ, ಎರಡೂ ಬಾಯಿ ಮುಚ್ಚಿ, ಕೆಂಪಗೆ ಕಾಯಿಸಿ ಬಗ್ಗಿಸಿದಳು. ಒಳಗೆ ಉಸುಕಿದ್ದರೆ ಕೊಳವೆ ನೆಗ್ಗುವುದಿಲ್ಲ. ಎರಡು ದಿನ ಹಿಡಿಯಿತು. ಬೆಸುಗೆ ಮುಗಿಸಿ, ದಾರ ಹಿಡಿದು ಅಳೆದಾಗ ನಾಲ್ಕನೆಯ ಕೊಳವೆ ಎರಡು ಬೆರಳು ಉದ್ದವಾಗಿತ್ತು.

"ಇರಲಿ ಬಿಡ್ರಿ" ಎಂದ ಪ್ರಭಂಜನ. "ಎರಡ ಬೆರಳು. ಯಾರಿಗೆ ಗೊತ್ತಾಗತದ?"

"ಎಂಜಿನ್ನಿಗೆ ಗೊತ್ತಾಗತದ. ನನಗೂ ಗೊತ್ತಾಗತದ."

ಅವಳು ಗರಗಸ ಎತ್ತಿಕೊಂಡು, ಎರಡು ದಿನದ ಕೆಲಸವನ್ನು ಕತ್ತರಿಸಿ ಹಾಕಿದಳು. ಪ್ರಭಂಜನ ಅವಳನ್ನೇ ನೋಡುತ್ತ ನಿಂತ. ಬೆವರಿಗೆ ಅಂಟಿದ ಕೂದಲನ್ನು ಅವಳು ಮೊಣಕೈಯಿಂದ ಸರಿಸಿಕೊಂಡಳು. 'ಈಕಿಯನ್ನ ಬಿಟ್ಟು ನಾ ಪುಣೆಕ್ಕ ಹೆಂಗ ಹೋಗ್ಲಿ...' ಎಂಬ ಯೋಚನೆ ಅವನಿಗೆ ಮೊದಲ ಸಲ ಬಂತು.

ಒಂಬತ್ತನೆಯ ದಿನ ಆರೂ ಕೊಳವೆಗಳು ಜಾಗಕ್ಕೆ ಕುಳಿತವು. ಮಥುರಾ ಹನ್ನೆರಡು ನಟ್ಟುಗಳನ್ನೂ ಒಂದೊಂದಾಗಿ ಬಿಗಿದಳು.

"ಹಚ್ಚಿ ನೋಡ್ರಿ."

ಎಂಜಿನ್ನು ಎದ್ದಿತು. ಆ ದನಿಗೆ ಅಂಗಡಿಯವರು ಹೊರಗೆ ಬಂದರು. ಕುರ್ಚಿಯ ಮೇಲಿದ್ದ ಕೃಷ್ಣಾಜಿ ಕಣ್ಣುಮುಚ್ಚಿ ಕೇಳುತ್ತ, "ಆರೂ ಒಂದ ಶ್ರುತಿಯಾಗ ಅವ" ಎಂದರು.

ಮಥುರಾ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡಳು. ಪ್ರಭಂಜನ ನೋಡಿದ. ನೋಡಲಿಲ್ಲವೆಂಬಂತೆ ಎಂಜಿನ್ ಬಂದ್ ಮಾಡಿದ.

---

ಮರುದಿನ ಕಾರು ಒಯ್ಯಲು ಬಂದಾಗ ಅವನ ಅಂಗಿಯ ಕಿಸೆಯಿಂದ ಸ್ಪರ್ಧೆಯ ಕಾಗದ ಜಾರಿಬಿತ್ತು. ಮಥುರಾ ಎತ್ತಿಕೊಟ್ಟಳು. ಕೊಡುವಾಗ ಕಣ್ಣು ಒಂದು ಸಾಲಿನ ಮೇಲೆ ನಿಂತಿತು.

ಚಾಲಕ: ಪ್ರಭಂಜನ. ಮಿಸ್ತ್ರಿ: ಕೃಷ್ಣಾಜಿ, ಗುಡಗೇರಿ.

"ಇದರಾಗ ಅಪ್ಪನ ಹೆಸರದ."

ಪ್ರಭಂಜನ ಕುರ್ಚಿಯ ಮೇಲಿದ್ದ ಕೃಷ್ಣಾಜಿಯ ಕಡೆ ನೋಡಿದ. 

"ನೋಡ್ರಿ ಮಥುರಾಬಾಯಾರ... ಅದು..."

"ತಿಳೀತ್ರಿ. ಹೆಣ್ಣಮಗಳು ಮಾಡ್ಯಾಳ ಅಂದ್ರ ನಗ್ತಾರ ಅಂತ ನಾಚಿಕಿ. ಹೌದಲ್ಲ?"

"ಹಂಗಲ್ಲ."

"ಮತ್ತ ಹೆಂಗ? ಹೇಳ್ರಿ."

ಅವನು ಕಾಗದವನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ಮಥುರಾ ಚಾವಿಯನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದಳು. ಕಾರಿನ ದನಿ ಕುಂದಗೋಳದ ದಾರಿಯಲ್ಲಿ ಸಣ್ಣಗಾಗುತ್ತ ಹೋಗಿ ನಿಂತುಹೋಯಿತು. ಆಮೇಲೆ ಅವಳು ಅತ್ತಳು.

'ಎಲ್ಲಾರಂಗ ಇವರೂ... ನಾನ ಹುಚ್ಚಿ.'

ಆದರೆ ಸ್ಪರ್ಧೆಯ ದಿನ ನಸುಕಿನಲ್ಲಿ ಎದ್ದವಳಿಗೆ ಒಂದೇ ವಿಚಾರ. ಹೊಸ ಹೆಡರು ಒಮ್ಮೆ ಚೆನ್ನಾಗಿ ಕಾದು ಆರಿದ ಮೇಲೆ ನಟ್ಟುಗಳು ಸಡಿಲಾಗುತ್ತವೆ. ಮತ್ತೊಮ್ಮೆ ಬಿಗಿಯಬೇಕು. ಸಿಟ್ಟಿನಲ್ಲಿ ಅದನ್ನು ಅವನಿಗೆ ಹೇಳಿಯೇ ಇರಲಿಲ್ಲ. ಏರಿನ ಮಧ್ಯೆ ಸಡಿಲಾಗಿ, ಉರಿ ಹೊರಗೆ ಬಂದರೆ?

ಅವಳು ಪಾನಾ ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ?" ಎಂದರು ಕೃಷ್ಣಾಜಿ.

"ದುಮ್ಮವಾಡಕ್ಕ. ಸಿಟ್ಟು ಬ್ಯಾರೆ, ಕೆಲಸ ಬ್ಯಾರೆ ಅಪ್ಪಾ. ಅರ್ಧಾ ಮಾಡಿ ಕಳಸೂದಿಲ್ಲ ನಾ."

ಮುದುಕರು ಅವಳನ್ನು ತಡೆದರು. "ಮಥುರಾ, ಕೂಡು. ಆ ಹೆಸರು... ನಾನ ಬರಸಿದ್ದು."

ಅವಳು ಬಾಗಿಲಲ್ಲೇ ನಿಂತಳು.

"ಎರಡ ಸಲ ಹುಡುಗನ ಕಡಿಯವರು ಬಂದು, ನಿನ್ನ ಕೈಮ್ಯಾಲಿನ ಸುಟ್ಟ ಕಲಿ ನೋಡಿ ತಿರುಗಿ ಹೋದ್ರು. ಇನ್ನ ಪೇಪರಿನಾಗೂ ಮಿಸ್ತ್ರಿ ಅಂತ ಬಂದ್ರ ಯಾರು ಬರ್ತಾರವ್ವಾ? ಅವ ನಿನ್ನ ಹೆಸರ ಬರದಿದ್ದ. ನಾನ ಕೈ ಹಿಡದು ಬಿಡಿಸಿದೆ. ಯಾರಿಗೂ ಹೇಳಬ್ಯಾಡ ಅಂತ ಆಣಿ ತಗೊಂಡೆ."

ಮಥುರಾ ತನ್ನ ಕೈಗಳನ್ನು ನೋಡಿಕೊಂಡಳು.

"ಈ ಕೈ ನೋಡಿ ಓಡಿಹೋಗಾವ ನನಗ್ಯಾಕ ಬೇಕಪ್ಪಾ?" ಎಂದಳು. "ಆ ಆಣಿ ವಾಪಸ್ ತಗೋತೀಯೇನು?"

ಕೃಷ್ಣಾಜಿ ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟರು. "ತಗೊಂಡೆ. ಹೋಗು, ಗಾಡಿ ತಪ್ಪೀತು."

---

ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಬಸ್ಸು. ಕೊನೆಯ ಎರಡು ಮೈಲು ನಡಿಗೆ. ಮಥುರಾ ತಲುಪಿದಾಗ ಬೆಳಗಿನ ಅಭ್ಯಾಸದ ಓಟ ಮುಗಿದು ಬಹಳ ಹೊತ್ತಾಗಿತ್ತು. ಕೆಂಪು ಕಾರು ಹಗ್ಗದ ಆಚೆ ನಿಂತಿತ್ತು. ಪ್ರಭಂಜನ ಎಂಜಿನ್ ಹಚ್ಚಿ ಕಿವಿಗೊಟ್ಟಿದ್ದ. ದನಿಯ ಜೊತೆ ಫಟ್ ಫಟ್ ಎಂಬ ಸಪ್ಪಳ.

ಅವಳಿಗೆ ದೂರದಿಂದಲೇ ತಿಳಿಯಿತು. ನಾಲ್ಕನೆಯ, ಐದನೆಯ ಕೊಳವೆಗಳು. ಎರಡೂ ಸಡಿಲಾಗಿದ್ದವು.

ಹಗ್ಗ ದಾಟಹೋದವಳನ್ನು ಕ್ಲಬ್ಬಿನವರು ತಡೆದರು. "ಕಾಗದದಾಗ ಹೆಸರಿದ್ದ ಮಿಸ್ತ್ರಿಗೆ ಅಷ್ಟ ಪರವಾನಗಿ ಅದ."

ಅವಳ ದನಿ ಕೇಳಿ ಪ್ರಭಂಜನ ಓಡಿಬಂದ. "ಮಿಸ್ತ್ರಿ ಅಂದ್ರ ಇವರ. ಹೆಸರು ಬದಲಿ ಮಾಡ್ಕೋರಿ."

"ಈಗ ಬದಲಿ ಮಾಡಿದ್ರ ನಿಮ್ಮ ಓಟ ಲೆಕ್ಕಕ್ಕಿಲ್ಲ."

"ಇಲ್ಲದಿದ್ರ ಇಲ್ಲ. ಬದಲಿ ಮಾಡ್ರಿ."

"ಬ್ಯಾಡ" ಎಂದಳು ಮಥುರಾ. "ಲೆಕ್ಕಕ್ಕಿಲ್ಲದ ಓಟಕ್ಕ ನಾ ಅಷ್ಟು ದಿನಾ ದುಡದಿಲ್ಲ. ಹಗ್ಗದ ಈಚೆ ನಿಂತು ಮಾತಾಡಲಿಕ್ಕೆ ಪರವಾನಗಿ ಬೇಕಾಗೂದಿಲ್ಲಲ್ಲ?"

ಕ್ಲಬ್ಬಿನವರು ಮುಖ ಮುಖ ನೋಡಿಕೊಂಡರು. ಅದಕ್ಕೆ ನಿಯಮವಿರಲಿಲ್ಲ.

ಅವಳು ಪಾನಾವನ್ನು ಅವನ ಕೈಗೆ ಕೊಟ್ಟಳು. "ಎಂಜಿನ್ ಬಂದ್ ಮಾಡ್ರಿ, ತಣ್ಣಗಾಗಲಿ. ಆಮ್ಯಾಲ ನಟ್ಟನಡು ಇದ್ದದ್ದರಿಂದ ಸುರು ಮಾಡ್ರಿ. ಹಾಂ, ಅದು. ಕಾಲು ಸುತ್ತು. ಸಾಕು. ಈಗ ಅದರ ಎಡಕ್ಕಿನದು... ಜಗ್ಗಬ್ಯಾಡ್ರಿ, ನಿಧಾನ."

ಹನ್ನೆರಡು ನಟ್ಟು. ಪ್ರತಿಯೊಂದಕ್ಕೂ ಅವಳ ದನಿ, ಅವನ ಕೈ. ಸುತ್ತ ನಿಂತವರಲ್ಲಿ ಮೊದಲು ನಕ್ಕವರು ಆಮೇಲೆ ಸುಮ್ಮನಾದರು. ಎಂಜಿನ್ನು ಮತ್ತೆ ಎದ್ದಾಗ ಆ ಸಪ್ಪಳ ಇರಲಿಲ್ಲ.

ಮಧ್ಯಾಹ್ನ ಕೆಂಪು ಕಾರು ಏರು ಹತ್ತಿತು. ಮಥುರಾ ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿದಳು. ಪ್ರತಿ ತಿರುವಿನಲ್ಲೂ ಅದು ಕುಗ್ಗಿ ಮತ್ತೆ ಎದ್ದಿತು. ಎಲ್ಲೂ ತಡವರಿಸಲಿಲ್ಲ.

ಹದಿಮೂರು ಕಾರುಗಳಲ್ಲಿ ಎರಡನೆಯ ಸ್ಥಾನ.

ಪತ್ರಿಕೆಯವನೊಬ್ಬ ಪ್ರಭಂಜನನನ್ನು ಮಾತಾಡಿಸಲು ಬಂದ. ಅವನು ಮಥುರೆಯ ಕಡೆ ನೋಡಿದ.

"ಅಪ್ಪ ಆಣಿ ವಾಪಸ್ ತಗೊಂಡಾನ" ಎಂದಳು ಮೆಲ್ಲಗೆ.

ಅವನ ಮುಖ ಅರಳಿತು. "ಬರಕೋರಿ. ಈ ಹೆಡರು ಕಡದು, ಬಗ್ಗಿಸಿ, ಕೂಡಿಸಿದವರು ಮಥುರಾಬಾಯಿ. ಗುಡಗೇರಿ."

---

ಜನ ಕರಗಿದ ಮೇಲೆ ಇಬ್ಬರೂ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತರು. ನಸುಕಿನಲ್ಲಿ ಅಪ್ಪ ಹೇಳಿದ್ದನ್ನೆಲ್ಲ ಮಥುರಾ ಅವನಿಗೆ ತಿಳಿಸಿದಳು.

"ಅಪ್ಪ ಹೇಳೂಕಿಂತ ಮೊದಲ ಹೊಂಟಿದ್ರೇನು ನೀವು?" ಪ್ರಭಂಜನ ಕೇಳಿದ.

"ಹೂಂ."

"ನನ್ನ ಮ್ಯಾಲ ಅಷ್ಟು ಸಿಟ್ಟಿದ್ರೂ?"

"ಸಿಟ್ಟಿತ್ತು. ಆದ್ರ ನಿಮಗೇನರೆ ಆದೀತು ಅಂತ ಅಂಜಿಕಿ ಅದಕ್ಕಿಂತ ದೊಡ್ಡದಿತ್ತು."

ಅಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಅವನು ಅವಳ ಕೈ ಎತ್ತಿಕೊಂಡ. ಸುಟ್ಟ ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಮಥುರಾ... ಜೂನಿನಾಗ ಪುಣೆಕ್ಕ ಬಾ ಅಂದಾರ. ನೀನೂ ಬರ್ತೀಯೇನು?"

 "ಇಲ್ಲ. ಅಪ್ಪನ್ನ ಬಿಟ್ಟು, ಶೆಡ್ ಬಿಟ್ಟು ನಾ ಬರೂದಿಲ್ಲ."

ಪ್ರಭಂಜನನ ಬೆರಳುಗಳು ಸಡಿಲಾದವು. ಅವಳೇ ಅವನ್ನು ಬಿಗಿಯಾಗಿ ಹಿಡಿದಳು.

"ಪೂರ್ತಿ ಕೇಳ್ರಿ. ನೀವು ಹೋಗ್ರಿ. ಇಷ್ಟು ವರ್ಷದ ಆಸಿ, ನನ್ನ ಸಲುವಾಗಿ ಬಿಟ್ರ ಒಂದಿನ ನನ್ನ ಮ್ಯಾಲ ಸಿಟ್ಟಾಗ್ತೀರಿ. ಎರಡ ವರ್ಷ ಅಲ್ಲೆ ಇದ್ದದ್ದೆಲ್ಲಾ ಕಲೀರಿ. ಸೂಟಿ ಸಿಕ್ಕಾಗೆಲ್ಲಾ ಬರ್ರಿ. ಆಮ್ಯಾಲ ಇಲ್ಲೆ ಇಬ್ಬರೂ ಕೂಡಿ ದೊಡ್ಡ ವರ್ಕ್‌ಶಾಪ್ ಹಾಕೂಣು."

ಅವನು ಅವಳನ್ನೇ ನೋಡಿದ. ಇವಳು ಆಗಲೇ ಎಲ್ಲ ಅಳೆದು ನೋಡಿಬಿಟ್ಟಿದ್ದಾಳೆ ಎನಿಸಿ ನಗು ಬಂತು.

"ಆತು. ಹಂಗಾರ ಒಂದು ಹೇಳು. ಮದಿವಿ ಎರಡ ವರ್ಷದ ಮ್ಯಾಲೇನು?"

"ಅದ್ಯಾಕ?" ಮಥುರಾ ಮುಖ ಕೆಂಪಾಗಿ ಬೇರೆ ಕಡೆ ನೋಡಿದಳು. "ಜೂನಿಗೆ ಇನ್ನೂ ಮೂರ ತಿಂಗಳ ಅದ."