ಊಟಕ್ಕೆ ನಿಲ್ಲದ ಬಣ್ಣ

ಬಹಳ ಹಿಂದೆ, ಕನ್ನಡಿಗಳು ಇನ್ನೂ ಸುಳ್ಳು ಹೇಳಲು ಕಲಿತಿರದ ಕಾಲದಲ್ಲಿ, ರಂಗಾವತಿ ಎಂಬ ರಾಜ್ಯವಿತ್ತು. ಅಲ್ಲಿ ತುಟಿಗೆ ಹಚ್ಚುವ ಬಣ್ಣ ಮಾರಬೇಕಾದರೆ ಅರಮನೆಯ ಒಪ್ಪಿಗೆ ಬೇಕಿತ್ತು. ಯುದ್ಧ ಸಾರುವುದಕ್ಕೆ ಅಷ್ಟೆಲ್ಲ ವಿಚಾರಣೆ ಇರಲಿಲ್ಲ.

ಬಣ್ಣಗಳನ್ನು ಪರೀಕ್ಷೆ ಮಾಡುವವಳು ಗಿರಿಯಕ್ಕ. ಅವಳ ಕ್ರಮ ಸರಳ. ಬಣ್ಣ ಹಚ್ಚಿಕೊಳ್ಳುವಳು, ರಾಗಿಮುದ್ದೆಯನ್ನು ಹುರುಳಿ ಸಾರಿನಲ್ಲಿ ಅದ್ದಿ ಉಣ್ಣುವಳು. ಊಟವಾದ ಮೇಲೂ ಬಣ್ಣ ತುಟಿಯ ಮೇಲೇ ಇದ್ದರೆ ಒಪ್ಪಿಗೆ, ಇಲ್ಲದಿದ್ದರೆ ಇಲ್ಲ. ಮೂರನೆಯ ದಿನ ಸೂರ್ಯ ಮುಳುಗುವುದರೊಳಗೆ ತೀರ್ಪು ಹೇಳದಿದ್ದರೆ ಬಣ್ಣ ಒಪ್ಪಿಗೆಯಾದಂತೆಯೇ ಸರಿ ಎಂಬ ನಿಯಮವೂ ಇತ್ತು. ಅದನ್ನು ಮಾಡಿದ ಮಂತ್ರಿಗೆ ನಿಧಾನಸ್ಥರನ್ನು ಕಂಡರೆ ಆಗುತ್ತಿರಲಿಲ್ಲ.

ಹಿಂದಿನ ಕಾರ್ತಿಕದಲ್ಲಿ ಗಿರಿಯಕ್ಕನ ಒಬ್ಬಳೇ ಮಗಳು ತುಂಬೆ, ಒಂಬತ್ತು ವರ್ಷದವಳು, ಜ್ವರದಲ್ಲಿ ತೀರಿಕೊಂಡಿದ್ದಳು. ಕೊನೆಯ ದಿನ ಗಂಜಿ ಹಿಡಿದುಕೊಂಡು ಕೂತ ತಾಯಿಗೆ, ಹಸಿವಿಲ್ಲ ಎಂದಿದ್ದಳು. ಗಿರಿಯಕ್ಕ ಮರುವಾರವೇ ಕೆಲಸಕ್ಕೆ ಬಂದಳು. ಬಣ್ಣಗಳು ಕಾಯುತ್ತಿದ್ದವು.

ಆಗ ಊರಿಗೆ ಡಂಬರನೆಂಬ ಮಾಂತ್ರಿಕ ಬಂದ. ಅವನಿಗೆ ಅನ್ನ ಸೇರುತ್ತಿರಲಿಲ್ಲ. ತನ್ನ ಬಣ್ಣ ಹಚ್ಚಿಕೊಂಡವರ ಹಸಿವೇ ಅವನ ಆಹಾರ. ಅವರು ಹಸಿದಷ್ಟೂ ಅವನ ಹೊಟ್ಟೆ ಬೆಳೆಯುತ್ತಿತ್ತು. ಅವರು ಉಂಡುಬಿಟ್ಟರೆ ಅವನು ಕರಗುತ್ತಿದ್ದ. ಅವನ ಬಳಿ ಮಾತಾಡುವ ಕರಡಿಯೊಂದಿತ್ತು. ಅದು ತಮಟೆ ಬಾರಿಸುತ್ತ ಬೀದಿಬೀದಿಯಲ್ಲಿ ಬಣ್ಣಗಳನ್ನು ಹೊಗಳುತ್ತಿತ್ತು.

ಮೊದಲನೆಯದು ಕೆಂಡದ ಬಣ್ಣ. ಹಚ್ಚಿದರೆ ಏಳು ಹರದಾರಿ ದೂರಕ್ಕೆ ಹೊಳೆಯುತ್ತದೆ ಎಂದು ಕರಡಿ ಸಾರಿತು. ಹೊಳೆಯಿತು. ಏಳು ಹರದಾರಿ ದೂರದ ಜೇನುಹುಳುಗಳೆಲ್ಲ ಬಂದವು. ಗಿರಿಯಕ್ಕ ಅವನ್ನು ಸೆರಗಿನಿಂದ ಓಡಿಸುತ್ತ ಮುದ್ದೆ ಉಂಡಳು. ಬಣ್ಣವೆಲ್ಲ ಮುದ್ದೆಯ ಜೊತೆ ಹೊಟ್ಟೆಗೆ ಹೋಯಿತು.

"ಊಟಕ್ಕೆ ನಿಲ್ಲಲ್ಲ," ಎಂದಳು. ಡಂಬರ ಒಂದು ಗೇಣು ಕರಗಿದ.

ಎರಡನೆಯದು ದಾಸವಾಳದ ಬಣ್ಣ. ಹಚ್ಚಿದವರ ನಗು ಮಾಸುವುದಿಲ್ಲ ಎಂದು ಕರಡಿ ಸಾರಿತು. ಮಾಸಲಿಲ್ಲ. ಅಂದು ಪಕ್ಕದ ಮನೆಯಲ್ಲಿ ತಿಥಿ. ಗಿರಿಯಕ್ಕ ಅಲ್ಲಿ ಹಲ್ಲು ಕಿರಿದುಕೊಂಡೇ ಕೂತಿದ್ದಳು. ಆ ಮನೆಯವರು ಅವಳೊಡನೆ ಮಾತು ಬಿಟ್ಟರು. ಮನೆಗೆ ಬಂದು ಉಂಡಾಗ ಬಣ್ಣ ಸಾರಿಗಿಳಿಯಿತು. ಸಾರಿನ ಮಡಕೆ ಎರಡು ದಿನ ನಗುತ್ತಿತ್ತು.

"ಇದೂ ನಿಲ್ಲಲ್ಲ," ಎಂದಳು. ಡಂಬರ ಇನ್ನೊಂದು ಗೇಣು ಕರಗಿದ.

ಊಟಕ್ಕೆ ನಿಲ್ಲುವ ಬಣ್ಣ ತನ್ನಿಂದಾಗದು ಎಂದು ಅವನಿಗೆ ತಿಳಿಯಿತು. ಹಚ್ಚಿದವರು ಊಟವನ್ನೇ ಬಿಡುವಂಥ ಬಣ್ಣ ಮಾಡಿದ.

ಮೂರನೆಯದು ನೇರಳೆಹಣ್ಣಿನ ಬಣ್ಣ. ಹಚ್ಚಿಕೊಂಡು ಕರೆದರೆ ಸತ್ತವರು ಬರುತ್ತಾರೆ, ಬಣ್ಣ ಇರುವ ತನಕ ಇರುತ್ತಾರೆ ಎಂದು ಕರಡಿ ಸಾರಿತು. ಈ ಸಲ ಯಾರೂ ಕರಡಿಯನ್ನು ಗೇಲಿ ಮಾಡಲಿಲ್ಲ. ತೀರ್ಪು ಕಾಯುತ್ತ ಗಿರಿಯಕ್ಕನ ಬಾಗಿಲಿಗೆ ಜನ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಕುಂಬಾರರ ಸಾತವ್ವ. ಅವಳ ಗಂಡ ಹೋಗಿ ತಿಂಗಳಾಗಿತ್ತು. ಕಂಕುಳಲ್ಲಿ ಮೊಲೆಗೂಸಿತ್ತು.

ಗಿರಿಯಕ್ಕ ಬಣ್ಣ ಹಚ್ಚಿಕೊಂಡು ಮಗಳ ಹೆಸರು ಕರೆದಳು. ಹಿತ್ತಿಲ ಬಾಗಿಲಿನಿಂದ ತುಂಬೆ ಬಂದಳು. ಕಾಲು ತೊಳೆಯದೆ ಬಂದಳು, ಅವಳ ಅಭ್ಯಾಸವೇ ಅದು. ಗಿರಿಯಕ್ಕ ಅಂದು ಬೈಯಲಿಲ್ಲ.

ಒಲೆ ಹಚ್ಚಲೂ ಇಲ್ಲ. ಮೊದಲ ದಿನ ಮಗಳ ತಲೆ ಬಾಚಿದಳು. ಎರಡನೆಯ ದಿನ ಬಾಚಿದ್ದನ್ನು ಬಿಚ್ಚಿ ಮತ್ತೆ ಬಾಚಿದಳು. ತೀರ್ಪು ಕಾಯುತ್ತ ಜಗಲಿಯ ಮೇಲೆ ಕೂತಿದ್ದ ಡಂಬರನ ಹೊಟ್ಟೆ ಗಡಿಗೆಯಷ್ಟಾಯಿತು, ಕಾಳು ತುಂಬುವ ಹಗೇವಿನಷ್ಟಾಯಿತು. ಮೂರನೆಯ ದಿನ ಗಿರಿಯಕ್ಕ ಎದ್ದು ನಿಲ್ಲಲಾರದಾದಳು. ತುಂಬೆಯೇ ಒಲೆ ಹಚ್ಚಿ ಮುದ್ದೆ ಕಟ್ಟಿದಳು. ಮುದ್ದೆ ಸೊಟ್ಟಗಿತ್ತು.

"ಉಣ್ಣವ್ವ."

"ಹಸಿವಿಲ್ಲ."

"ನಾನೂ ಹಾಗೇ ಅಂದಿದ್ದೆ," ಎಂದಳು ತುಂಬೆ.

ಗಿರಿಯಕ್ಕ ಮುಖ ತಿರುಗಿಸಿದಳು. ತುಂಬೆ ಕಿಟಕಿಯಾಚೆ ನಿಂತಿದ್ದ ಸಾತವ್ವನನ್ನು ತೋರಿಸಿದಳು.

"ನೀನು ಸುಮ್ಮನಿದ್ದರೆ ಸಂಜೆಗೆ ಆಕೆನೂ ಹಚ್ಕೋತಾಳೆ. ಆಮೇಲೆ ಆಕೆನೂ ಉಣ್ಣಲ್ಲ. ಆ ಕೂಸು ಏನು ಕುಡೀಬೇಕು?"

"ನಾನು ಉಂಡರೆ ನೀನು ಹೋಗ್ತೀಯ."

"ನಾನು ಹೋಗಾಯ್ತಲ್ಲವ್ವ."

ತುಂಬೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ತಾಯಿ ತನಗೆ ಹೇಳುತ್ತಿದ್ದಂತೆಯೇ ಹೇಳಿದಳು. ಕಾಗೆಗೊಂದು ತುತ್ತು. ಗಿರಿಯಕ್ಕ ನುಂಗಿದಳು. ತುಂಬೆಯ ಮಣ್ಣುಕಾಲುಗಳು ಮಾಯವಾದವು. ಗುಬ್ಬಿಗೊಂದು ತುತ್ತು. ಎರಡು ಸಲ ಬಾಚಿದ ಜಡೆ ಮಾಯವಾಯಿತು. ತುಂಬೆಗೊಂದು ತುತ್ತು. ಈ ತುತ್ತು ಬಾಯಲ್ಲಿ ಬಹಳ ಹೊತ್ತು ಉಳಿಯಿತು. ಅದು ಗಂಟಲಿಗಿಳಿದಾಗ, ಉಣಿಸುತ್ತಿದ್ದ ಕೈಯೂ ಇರಲಿಲ್ಲ.

ಗಿರಿಯಕ್ಕ ಬಾಯಿ ಒರೆಸಿಕೊಂಡು ಬಾಗಿಲಿಗೆ ಬಂದಳು. ಸೂರ್ಯ ಇನ್ನೂ ಒಂದಾಳು ಎತ್ತರದಲ್ಲಿದ್ದ.

"ಸತ್ತವರು ಬಂದರಾ ಅಕ್ಕ? ಕರಡಿ ಹೇಳಿದ್ದು ನಿಜವಾ?" ಎಂದು ಸಾತವ್ವ ಕೇಳಿದಳು.

"ನಿಜ," ಎಂದಳು ಗಿರಿಯಕ್ಕ. "ಆದರೆ ಊಟಕ್ಕೆ ನಿಲ್ಲಲ್ಲ."

ಸಾತವ್ವ ಅಳುತ್ತ ಅಲ್ಲೇ ಕುಸಿದಳು. ಗಿರಿಯಕ್ಕ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಮಣೆ ಹಾಕಿ, ಉಳಿದಿದ್ದ ಸೊಟ್ಟ ಮುದ್ದೆಯನ್ನು ಬಡಿಸಿದಳು.

ಅಷ್ಟರಲ್ಲಿ ಜಗಲಿಯ ಮೇಲೆ ಡಂಬರ ಹಗೇವಿನಿಂದ ಗಡಿಗೆಯಾಗಿ, ಗಡಿಗೆಯಿಂದ ಕುಂಕುಮದ ಭರಣಿಯಾಗಿ, ಕಡೆಗೆ ನೆಲದ ಮೇಲೊಂದು ನೇರಳೆ ಕಲೆಯಾದ. ಕರಡಿಗೆ ಮಾತು ಮರೆತುಹೋಯಿತು. ತಮಟೆಯನ್ನು ಮೂಸಿ ನೋಡಿ ಕಾಡಿಗೆ ನಡೆಯಿತು. ಅದು ಆಡಿದ ಮಾತುಗಳಲ್ಲಿ ಒಂದೂ ಸುಳ್ಳಿರಲಿಲ್ಲ ಎಂಬುದನ್ನು ಜನ ಬಹಳ ಕಾಲ ಕ್ಷಮಿಸಲಿಲ್ಲ.

ಆಮೇಲೆ ರಂಗಾವತಿಯವರೆಲ್ಲ ಸುಖವಾಗಿ ಬಾಳಿದರು. ಈ ಎಲ್ಲರಲ್ಲಿ ಗಿರಿಯಕ್ಕನನ್ನೂ ಸೇರಿಸುವುದು ವಾಡಿಕೆ. ಅವಳು ದಿನಕ್ಕೆರಡು ಹೊತ್ತು ತಪ್ಪದೆ ಉಣ್ಣುತ್ತಿದ್ದಳು. ಮೂರನೆಯ ತುತ್ತಿಗೆ ಮಾತ್ರ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.